ಹಿತ್ತಿಲಿನ ಎರಡು ಒಲೆ

ಅಂಗಡಿಗೆ ಬಾಗಿಲು ಹಾಕುವ ಹೊತ್ತು ಇರುವ ಹಾಗೆ ಆ ಮನೆಯ ಅಡುಗೆಮನೆಗೂ ಒಂದು ಹೊತ್ತಿತ್ತು. ಸಂಜೆಯ ಊಟದ ಕೊನೆಯ ತಟ್ಟೆ ತೊಳೆದು, ಒಲೆಯನ್ನು ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಆ ಒಣ ಬಟ್ಟೆಯನ್ನೇ ಮಡಿಸಿ ಅತ್ತೆ ಒಲೆಯ ಮೇಲೆ ಹಾಸಿದರೆಂದರೆ ಮುಗಿಯಿತು. ಆಮೇಲೆ ಯಾರಿಗೆ ಎಷ್ಟೇ ಹಸಿವಾಗಲಿ, ಬೆಳಗಾಗುವವರೆಗೆ ಅಲ್ಲಿ ಬೆಂಕಿ ಹತ್ತಕೂಡದು. ಮಗ ಇದಕ್ಕೆ ಹುಟ್ಟಿದಾಗಿನಿಂದ ಒಗ್ಗಿಕೊಂಡಿದ್ದ. ಮೊಮ್ಮಗಳು ಹಾಸಿಗೆಯ ಕೆಳಗೆ ಬಿಸ್ಕತ್ತು ಬಚ್ಚಿಡುವುದನ್ನು ಕಲಿತಿದ್ದಳು. ಸೊಸೆ ಮಾತ್ರ ಬಸ್ಸು ಓಡಿಸುತ್ತಿದ್ದಳು.

ಬಡಾವಣೆಯಿಂದ ಪೇಟೆಗೆ, ಪೇಟೆಯಿಂದ ಬಡಾವಣೆಗೆ. ಒಂದು ವಾರ ಬೆಳಗಿನ ಪಾಳಿ, ಇನ್ನೊಂದು ವಾರ ಮಧ್ಯಾಹ್ನದ ಪಾಳಿ. ಮಧ್ಯಾಹ್ನದ ಪಾಳಿಯ ವಾರದಲ್ಲಿ ಅವಳು ಡಿಪೋದಲ್ಲಿ ಬಸ್ಸು ಬಿಟ್ಟು ಮನೆ ಸೇರುವಷ್ಟರಲ್ಲಿ ಒಲೆ ಬಟ್ಟೆ ಹೊದ್ದು ಮಲಗಿರುತ್ತಿತ್ತು. ಮೇಜಿನ ಮೇಲೆ ಮುಚ್ಚಿಟ್ಟ ತಟ್ಟೆ. ಅದರಲ್ಲಿ ತಣ್ಣಗಿನ ಅನ್ನ, ತಣ್ಣಗಿನ ಕಾಳು, ಮೇಲೆ ಹೆಪ್ಪುಗಟ್ಟಿದ ಜಿಡ್ಡು. ಬಡಿಸುವುದರಲ್ಲಿ ಅತ್ತೆ ಎಂದೂ ಕೈ ಬಿಗಿ ಹಿಡಿದವರಲ್ಲ. ಬಿಸಿಯೊಂದು ಮಾತ್ರ ಸಿಗುತ್ತಿರಲಿಲ್ಲ.

ಬೆಳಗಿನ ಪಾಳಿಯ ಒಂದು ಮಧ್ಯಾಹ್ನ ಸೊಸೆ ಮೊಟ್ಟೆ ಹುರಿದು ತಿಂದು, ಬಾಣಲೆಗೆ ನೀರು ಬಿಟ್ಟು ಮಲಗಿದಳು. ನೆನೆದರೆ ತಾನಾಗಿಯೇ ಬಿಟ್ಟುಕೊಳ್ಳುತ್ತದೆ ಎನ್ನುವುದು ಅವಳ ಲೆಕ್ಕ. ಕಣ್ಣು ಹತ್ತುವಷ್ಟರಲ್ಲಿ ಅಡುಗೆಮನೆಯಿಂದ ಕರಕರ ಸದ್ದು ಶುರುವಾಯಿತು.

"ಅತ್ತೆ, ಎದ್ದು ನಾನೇ ತೊಳೀತಿದ್ದೆನಲ್ಲ."

"ನೀನು ಏಳೋವರೆಗೆ ಬಾಣಲೆ ಕಾಯುತ್ತೆ. ನನ್ನ ಕಣ್ಣು ಕಾಯಬೇಕಲ್ಲ."

"ಕಣ್ಣು ಮುಚ್ಕೊಳ್ಳಿ ಹಾಗಾದ್ರೆ."

"ಮುಚ್ಕೊಳ್ಳೋ ದಿನವೇನೂ ದೂರ ಇಲ್ಲ ಬಿಡು. ಆಮೇಲೆ ಇಡೀ ಮನೇನ ನೆನೆಹಾಕ್ಕೋ."

ಮೊಮ್ಮಗಳು ಮೇಜಿನಡಿ ಮುಖ ಮರೆಸಿ ನಕ್ಕಳು. ಸಣಕಲಾಗಿ ಉದ್ದಕ್ಕೆ ಬೆಳೆದಿದ್ದರಿಂದ ಅವಳನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ಸೊಸೆ ನಗಲಿಲ್ಲ. ಸಂಜೆ ಗಂಡ ಕೆಲಸದಿಂದ ಬಂದು ಶೂ ಬಿಚ್ಚುವ ಮೊದಲೇ ಅವನ ಮುಂದೆ ನಿಂತಳು. ಅವನದು ಲಿಫ್ಟ್ ರಿಪೇರಿ ಕೆಲಸ. ದಿನವಿಡೀ ನಡುವೆ ಸಿಕ್ಕಿಕೊಂಡವರನ್ನು ಬಿಡಿಸಿ ಮನೆಗೆ ಬಂದರೆ ಇಲ್ಲಿ ತಾನೇ ಎರಡು ಅಂತಸ್ತುಗಳ ನಡುವೆ ಸಿಕ್ಕಿಕೊಳ್ಳುತ್ತಿದ್ದ.

"ಹಿತ್ತಿಲಲ್ಲಿ ನನಗೊಂದು ಅಡುಗೆಮನೆ ಕಟ್ಟಿಸಿ. ಒಂದು ಒಲೆ, ಒಂದು ಸಿಂಕು, ಒಂದು ಕಿಟಕಿ, ಅಷ್ಟು ಸಾಕು. ಇಲ್ಲಾಂದ್ರೆ ಡಿಪೋ ಹತ್ರ ಬಾಡಿಗೆ ಮನೆ ನೋಡ್ತೀನಿ. ನೀವು ಬರ್ತೀರೋ ಇಲ್ವೋ ಯೋಚನೆ ಮಾಡಿ."

"ಒಲೆ ಬೇರೆ ಮಾಡ್ಕೊಂಡು ಒಂದೇ ಮನೇಲಿದೀವಿ ಅಂತ ಯಾರ ಮುಂದೆ ಹೇಳೋದು?" ಅತ್ತೆ ಒಳಗಿನಿಂದಲೇ ಕೇಳಿದರು.

"ಯಾರೂ ಕೇಳಲ್ಲ ಅತ್ತೆ."

"ನಾನು ಕೇಳ್ತೀನಿ."

ಗಂಡ ಎರಡು ದಿನ ಯಾರೊಂದಿಗೂ ಮಾತಾಡದೆ ತಿಂದ. ಮೂರನೆಯ ದಿನ ಸಿಮೆಂಟ್ ಚೀಲಗಳನ್ನು ತಂದು ಹಿತ್ತಿಲ ಗೋಡೆಗೆ ಒರಗಿಸಿದ.

ಪಾಯ ತೆಗೆಯಲು ಬಂದ ಮೇಸ್ತ್ರಿ ಮೊಣಕಾಲುದ್ದ ಅಗೆಯುವಷ್ಟರಲ್ಲಿ ಹಾರೆ ಕಲ್ಲಿಗೆ ಬಡಿಯಿತು. ಒಂದು ಕಲ್ಲು ತೆಗೆದರೆ ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು, ಸಾಲು ಹಿಡಿದು ಕೂತಿದ್ದವು. ಸಾಲಿನ ಆಚೆ ನೆಲದಲ್ಲಿ ದೊಡ್ಡ ತಟ್ಟೆಯಷ್ಟಗಲ ಸುಟ್ಟು ಕೆಂಪಾದ ಮಣ್ಣಿನ ಬಳೆ, ಅದರೊಳಗೆ ಕಪ್ಪು ಮಣ್ಣು, ಸುತ್ತ ಮಡಕೆಯ ಚೂರುಗಳು.

"ಇಲ್ಲಿ ಯಾರೋ ಮೊದಲೇ ಪಾಯ ಹಾಕಿದ್ದಾರಲ್ಲ ಸ್ವಾಮಿ!" ಮೇಸ್ತ್ರಿ ಹಾರೆ ಊರಿ ನಿಂತ.

"ಯಾರು ಹಾಕ್ತಾರೆ? ನಾವು ಬಂದ ವರ್ಷವೇ ಈ ಬಡಾವಣೆ ಎದ್ದಿದ್ದು. ಅದಕ್ಕೆ ಮುಂಚೆ ಇಲ್ಲಿ ಬರೀ ಹುಲ್ಲು," ಎಂದ ಗಂಡ.

"ಅದಕ್ಕೂ ಮುಂಚೆ?" ಎಂದಳು ಕಡ್ಡಿ.

"ಅದಕ್ಕೂ ಮುಂಚೆನೂ ಹುಲ್ಲೇ. ಒಳಗೆ ಹೋಗು."

ಪಕ್ಕದ ಮನೆಯವರ ತಲೆ ಗೋಡೆಯ ಮೇಲೆ ಕಾಣಿಸುವ ಮೊದಲೇ ಗಂಡ ಗುಂಡಿಗೆ ಟಾರ್ಪಾಲು ಎಳೆದ. "ಯಾರೂ ಬಾಯಿ ಬಿಡಬೇಡಿ. ಸರ್ಕಾರದೋರಿಗೆ ಗೊತ್ತಾದ್ರೆ ಕೆಲಸ ನಿಂತುಹೋಗುತ್ತೆ. ಈ ವಾರದಲ್ಲೇ ಕಾಂಕ್ರೀಟು ಸುರಿದುಬಿಡೋಣ."

ಸೊಸೆ ಹೂಂ ಎಂದಳು. ಎಲ್ಲರೂ ಒಳಗೆ ಹೋದ ಮೇಲೆ ಟಾರ್ಪಾಲಿನ ಅಂಚು ಎತ್ತಿ, ಆ ಮಣ್ಣಿನ ಬಳೆಯೊಳಗೆ ಬೆರಳಾಡಿಸಿ, ಬೆರಳನ್ನು ಮೂಸಿ ನೋಡಿದಳು. ಬರೀ ಮಣ್ಣಿನ ವಾಸನೆ.

ಮರುದಿನ ಬೆಳಗ್ಗೆ ಬಡಾವಣೆಯ ಸ್ಟಾಪಿನಲ್ಲಿ ಹತ್ತಿದವರ ನಡುವೆ ಅತ್ತೆಯೂ ಇದ್ದರು. ತಲೆ ಬಾಚಿ, ಹೊರಗೆ ಹೋಗುವ ಚಪ್ಪಲಿ ಹಾಕಿ, ಕೈಚೀಲವನ್ನು ಎದೆಗವಚಿಕೊಂಡಿದ್ದರು. ಸೊಸೆ ಓಡಿಸುವ ಬಸ್ಸಿಗೆ ಅವರು ಕಾಲಿಟ್ಟದ್ದು ಅದೇ ಮೊದಲು.

"ಎಲ್ಲಿಗೆ ಅತ್ತೆ?"

"ಮಂಡಿ ನೋವು. ದೊಡ್ಡಾಸ್ಪತ್ರೆ ಹತ್ರ ಇಳಿಸು."

"ನಿನ್ನೆನೇ ಹೇಳಬಾರದಿತ್ತಾ? ಅವರೇ ಕರ್ಕೊಂಡು ಹೋಗ್ತಿದ್ರು."

"ಮಾತಾಡ್ತಾ ಓಡಿಸಬೇಡ. ರಸ್ತೆ ನೋಡು."

ಮುಂದಿನ ಸೀಟಿನಲ್ಲಿ ಕೂತು ಅವರು ದಾರಿಯುದ್ದಕ್ಕೂ ರಸ್ತೆ ನೋಡಿದರು. ಬ್ರೇಕು ಇಷ್ಟು ಜೋರಾಗಿ ಯಾಕೆ, ಆ ಸೈಕಲ್ಲಿನವನು ಕಾಣಿಸಿದನಾ, ಗಾಜು ಒರೆಸಿ ಎಷ್ಟು ದಿನವಾಯಿತು.

"ಯಾರು ಡ್ರೈವರಮ್ಮ ಇವರು, ಇನ್‌ಸ್ಪೆಕ್ಟರಾ?" ಹಿಂದಿನಿಂದ ಯಾರೋ ಕೇಳಿದರು.

"ಇವಳ ಅತ್ತೆ," ಎಂದರು ಅತ್ತೆ.

"ಓ, ಹಾಗಾದ್ರೆ ಇನ್‌ಸ್ಪೆಕ್ಟರಿಗಿಂತ ಮೇಲೆ ಬಿಡಿ."

ಬಸ್ಸೆಲ್ಲ ನಕ್ಕಿತು. ಆಸ್ಪತ್ರೆಯ ಸ್ಟಾಪಿನಲ್ಲಿ ಸೊಸೆ ಸೀಟು ಬಿಟ್ಟೆದ್ದು, ಕೈ ಹಿಡಿದು ಇಳಿಸಿದಳು. "ಚೆನ್ನಾಗೇ ಓಡಿಸ್ತೀಯ," ಎಂದು ಅತ್ತೆ ತಿರುಗಿ ನೋಡದೆ ನಡೆದರು. ಅತ್ತೆಯ ಬಾಯಲ್ಲಿ ಹೊಗಳಿಕೆ! ಸೊಸೆ ದಿನವಿಡೀ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಬಸ್ಸು ಓಡಿಸಿದಳು. ಅದು ಯಾಕೆ ಬಂತೆಂದು ಗೊತ್ತಾದದ್ದು ಆ ವಾರದ ಕೊನೆಯಲ್ಲಿ, ಅಗಲ ಟೋಪಿ ಹಾಕಿದ ಹೆಂಗಸೊಬ್ಬಳು ಬಾಗಿಲು ತಟ್ಟಿದಾಗ.

"ನಾನು ಮ್ಯೂಸಿಯಮ್ಮಿಂದ ಬಂದಿದೀನಿ. ಈ ಮನೆಯ ಹಿರಿಯರೊಬ್ಬರು ಮಡಕೆ ಚೂರು ತಂದು ತೋರಿಸಿದ್ರು. ಪಳಪಳ ಅನ್ನೋ ಹಾಗೆ ತೊಳೆದು ತಂದಿದ್ರು."

"ಅಂಥ ಕಡೆಗೆ ಕೊಳಕು ತಗೊಂಡು ಹೋಗಕ್ಕಾಗುತ್ತಾ?" ಎಂದರು ಅತ್ತೆ, ಸೊಸೆಯ ಹಿಂದಿನಿಂದ.

ದೊಡ್ಡಾಸ್ಪತ್ರೆಯ ಗೇಟಿಗೆ ಎದುರಾಗಿಯೇ ಮ್ಯೂಸಿಯಮ್ಮಿನ ಗೇಟು ಇತ್ತು. ಸೊಸೆ ನಿಧಾನವಾಗಿ ತಿರುಗಿದಳು.

"ಮಂಡಿ ನೋವು ಅಂದ್ರಿ."

"ಮಂಡಿ ನೋವೂ ಇತ್ತು."

"ನನ್ನ ಬಸ್ಸಲ್ಲೇ! ನಾನೇ ಕೈ ಹಿಡಿದು ಇಳಿಸಿದೆ!"

"ಆ ಕಡೆ ನಿನ್ನ ಬಸ್ಸು ಬಿಟ್ರೆ ಇನ್ಯಾವುದಿದೆ?"

"ನನಗೆ ಅಡುಗೆಮನೆ ಆಗಬಾರದು ಅಂತ ಮಾಡಿದ್ರಿ."

"ಹೂಂ, ಅದಕ್ಕೇ ಮಾಡಿದೆ. ಸುಳ್ಳು ಯಾಕೆ ಹೇಳ್ಲಿ." ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು. "ಅದೊಂದಕ್ಕೇ ಅಲ್ಲ ಕಣೇ. ಆ ಚೂರು ತೊಳೆದಾಗ ಅದರ ಮೇಲೆ ಹೆಬ್ಬೆರಳ ಗುರುತು ಕಾಣಿಸ್ತು. ಹಸಿ ಮಣ್ಣಲ್ಲಿ ಒತ್ತಿದ್ದು. ಯಾರದು ಅಂತ ಕೇಳಬೇಕು ಅನ್ನಿಸ್ತು."

ಸೊಸೆಗೆ ಇನ್ನೂ ಬಯ್ಯುವುದಿತ್ತು. ಬಾಯಿಂದ ಬಂದದ್ದು ಬೇರೆ. "ಯಾರದಂತೆ?"

"ಗೊತ್ತಿಲ್ಲವಂತೆ. ಅಷ್ಟೆಲ್ಲ ಓದಿದ್ದಾರೆ, ಗೊತ್ತಿಲ್ಲವಂತೆ."

ಟೋಪಿ ಮೇಡಂ ನಕ್ಕುಬಿಟ್ಟಳು. ಆ ಮನೆಯಲ್ಲಿ ಅವಳಿಗೆ ಅವತ್ತೇ ಆ ಹೆಸರು ಬಿತ್ತು.

ಹಿತ್ತಿಲಿನಲ್ಲಿ ಡೇರೆ ಎದ್ದಿತು. ಟೋಪಿ ಮೇಡಂ ಮತ್ತು ಅವಳ ಜನ ಹಾರೆ ಬದಿಗಿಟ್ಟು, ಗೋಡೆಗೆ ಬಣ್ಣ ಹೊಡೆಯುವಂಥ ಬ್ರಷ್ಷಿನಲ್ಲಿ ಮಣ್ಣು ಗುಡಿಸತೊಡಗಿದರು. ಆ ಕೆಂಪು ಮಣ್ಣಿನ ಬಳೆ ಹಳೆಯ ಒಲೆ, ಕಲ್ಲಿನ ಸಾಲು ಅದಿದ್ದ ಕೋಣೆಯ ಗೋಡೆ. ಇದು ಒಂದು ಮನೆಯಲ್ಲ, ಒಂದು ಊರು. ಸಾವಿರಾರು ವರ್ಷ ಹಿಂದಿನದು. ಬಡಾವಣೆಯ ಯಾವ ಮನೆಯ ಕೆಳಗೆ ಬೇಕಾದರೂ ಇನ್ನೊಂದು ಮನೆ ಇದ್ದೀತು ಎಂದು ಅವಳು ಹೇಳಿದ್ದು ಸಂಜೆಯೊಳಗೆ ಬಸ್ಸಿನಲ್ಲೂ ಹಬ್ಬಿತು. ಜನ ಮನೆಯಲ್ಲಿ ನೆಲಕ್ಕೆ ಕಿವಿಗೊಟ್ಟು ತಟ್ಟಿ ನೋಡಿಕೊಂಡರು.

"ನಮ್ಮನೆ ಕೆಳಗೂ ಯಾರಾದರೂ ಇದ್ದಿರಬಹುದಾ ಡ್ರೈವರಮ್ಮ?"

"ಇದ್ರೆ ಬಾಡಿಗೆ ಕೇಳಿ."

ಬಾಯಲ್ಲಿ ಹೀಗೆ ತಮಾಷೆ. ಆದರೆ ಗೋಡೆಗೆ ಒರಗಿಸಿದ್ದ ಸಿಮೆಂಟು ಚೀಲದೊಳಗೇ ಗಟ್ಟಿಯಾಗುತ್ತಿದ್ದುದನ್ನು ಅವಳು ದಿನಾ ಮುಟ್ಟಿ ನೋಡುತ್ತಿದ್ದಳು. ಮುಟ್ಟಿ ನೋಡಲು ಹೋದವಳು ಹಿತ್ತಿಲ ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಕೂತರೆ ಕೈ ಒಣಗುವವರೆಗೆ ಏಳುತ್ತಿರಲಿಲ್ಲ. ಹಿಂದೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅತ್ತೆ. ಇಬ್ಬರೂ ಮಾತು ಬಿಟ್ಟಿದ್ದರು, ಆದರೆ ಇಬ್ಬರೂ ಒಂದೇ ಕಡೆ ನೋಡುತ್ತಿದ್ದರು.

ಮೂರನೆಯ ವಾರ ಅದೇ ಕೋಣೆಯಲ್ಲಿ, ಮೊದಲಿನ ಒಲೆಯಿಂದ ನಾಲ್ಕು ಹೆಜ್ಜೆ ಆಚೆ, ಇನ್ನೊಂದು ಕೆಂಪು ಬಳೆ ಎದ್ದಿತು. ಇನ್ನೊಂದು ಒಲೆ.

ಆ ಸಂಜೆ ಊಟಕ್ಕೆ ಕೂತಾಗ ಯಾರಿಗೂ ತಟ್ಟೆಯ ಮೇಲೆ ಗಮನವಿರಲಿಲ್ಲ.

"ಒಂದು ಒಡೆದುಹೋಯ್ತು, ಇನ್ನೊಂದು ಕಟ್ಕೊಂಡ್ರು," ಎಂದಳು ಕಡ್ಡಿ.

"ಒಂದರಲ್ಲಿ ಅಡುಗೆ, ಇನ್ನೊಂದರಲ್ಲಿ ನೀರು ಕಾಯಿಸೋದು," ಎಂದ ಗಂಡ.

"ಇಬ್ಬರು ಹೆಂಡತಿಯರು," ಎಂದರು ಅತ್ತೆ.

"ಅಥವಾ ಒಬ್ಬರು ಅತ್ತೆ," ಎಂದಳು ಸೊಸೆ.

ಗಂಡನ ಕೈ ಬಾಯಿಯ ಹತ್ತಿರವೇ ನಿಂತಿತು. "ಉಪ್ಪು ಈ ಕಡೆ ಕೊಡು," ಎಂದರು ಅತ್ತೆ. ವಾರಗಳ ನಂತರ ಅವರು ಸೊಸೆಗೆ ಆಡಿದ ಮೊದಲ ಮಾತು ಅದು.

ಮರುದಿನ ಸೊಸೆ ನೇರವಾಗಿಯೇ ಕೇಳಿದಳು. "ಮೇಡಂ, ನನ್ನ ಅಡುಗೆಮನೆ ಆಗುತ್ತಾ ಇಲ್ವಾ? ಸುತ್ತಿ ಬಳಸಿ ಹೇಳಬೇಡಿ."

ಟೋಪಿ ಮೇಡಂ ಟೋಪಿ ತೆಗೆದು ಮೆಟ್ಟಿಲ ಮೇಲೆ ಕೂತಳು. "ಆ ಎರಡೂ ಒಲೆ ಒಂದೇ ಕಾಲದಲ್ಲಿ ಉರೀತಿದ್ವು ಅಂತ ಗೊತ್ತಾದ್ರೆ ಇದು ಬಲು ಅಪರೂಪ. ಮೇಲೆ ಚಾವಣಿ ಹಾಕಿ ಹೀಗೇ ಉಳಿಸ್ತೀವಿ. ಹಿತ್ತಿಲು ನಿಮ್ಮದೇ, ಆದ್ರೆ ಇಲ್ಲಿ ಏನೂ ಕಟ್ಟೋ ಹಾಗಿಲ್ಲ. ನಿಮ್ಮ ಮಗಳು ಹೇಳೋ ಹಾಗೆ ಒಂದು ಕೆಟ್ಟ ಮೇಲೆ ಇನ್ನೊಂದು ಮಾಡಿದ್ದಾದ್ರೆ ಅಂಥವು ಎಷ್ಟೋ ಸಿಕ್ಕಿವೆ. ಅಳತೆ, ಫೋಟೋ ತಗೊಂಡು ಮರಳು ತುಂಬಿಬಿಡ್ತೀವಿ. ಅದರ ಮೇಲೆ ನೀವು ಕಟ್ಕೊಳ್ಳಿ."

"ಅದು ಹೇಗೆ ಗೊತ್ತಾಗುತ್ತೆ?"

"ಒಲೆ ಬೂದಿಗೆ ಬಡಾವಣೆಯ ಚರಂಡಿ ನೀರು ಇಳಿದು ಕೆಟ್ಟುಹೋಗಿದೆ. ಆದ್ರೆ ಎರಡೂ ಒಲೆ ಹತ್ರ ಒಂದೊಂದು ಮಡಕೆ ಸಿಕ್ಕಿದೆ. ಒಳಗೆ ತಳ ಹಿಡಿದ ಅಡುಗೆ ಕರಿಕಟ್ಟಿ ಹಾಗೇ ಇದೆ. ಪ್ರಯೋಗಾಲಯಕ್ಕೆ ಕಳಿಸಿದ್ರೆ ಯಾವ ಕಾಲದ್ದು ಅಂತಲೂ ಹೇಳ್ತಾರೆ, ಏನು ಬೇಯಿಸಿದ್ರು ಅಂತಲೂ ಹೇಳ್ತಾರೆ."

"ತಳ ಹಿಡಿದದ್ದನ್ನ ಉಜ್ಜದೆ ಹಾಗೇ ಬಿಟ್ಟಿದ್ರಾ?" ಅತ್ತೆ ಕುರ್ಚಿಯಿಂದ ಮುಂದಕ್ಕೆ ಬಗ್ಗಿದರು. "ಯಾರೋ ನಿನ್ನ ಥರದವಳೇ."

"ಅವಳು ಉಜ್ಜಿಟ್ಟಿದ್ರೆ ಇವತ್ತು ಯಾರಿಗೂ ಏನೂ ಗೊತ್ತಾಗ್ತಿರಲಿಲ್ಲ ಅತ್ತೆ."

ಅತ್ತೆ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು.

ಎರಡು ದಿನ ಬಿಟ್ಟು ಹಿಡಿದ ಮಳೆಗೆ ಡೇರೆ ಸೋರತೊಡಗಿತು. ಮಡಕೆಗಳನ್ನು ಒಯ್ಯುವ ಗಾಡಿ ಮರುದಿನ ಬರುವುದಿತ್ತು. ಅಲ್ಲಿಯವರೆಗೆ ಒಳಗೆಲ್ಲಾದರೂ ಇಟ್ಟುಕೊಳ್ಳುತ್ತೀರಾ, ಯಾರೂ ಮುಟ್ಟಬಾರದು ಎಂದು ಟೋಪಿ ಮೇಡಂ ಬೆಳಗಿನ ಮಬ್ಬಿನಲ್ಲೇ ಬಂದು ಕೇಳಿದಳು. ಪಾಳಿಗೆ ಹೊರಟು ನಿಂತಿದ್ದ ಸೊಸೆ ಟ್ರೇ ಇಸಿದುಕೊಂಡು ಅಡುಗೆಮನೆಯಲ್ಲಿ ಸಿಂಕಿನ ಎಡಗಡೆಯ ಕಟ್ಟೆಯ ಮೇಲೆ ಇಟ್ಟು, ಛತ್ರಿ ಹುಡುಕಿಕೊಂಡು ಓಡಿದಳು.

ಸಿಂಕಿನ ಎಡಗಡೆಯ ಕಟ್ಟೆಗೆ ಆ ಮನೆಯಲ್ಲಿ ಒಂದೇ ಅರ್ಥ. ಅಲ್ಲಿಟ್ಟದ್ದನ್ನು ತೊಳೆಯಬೇಕು. ಒಮ್ಮೆ ಮಗ ಅಲ್ಲಿ ಮರೆತಿಟ್ಟ ಸ್ಕ್ರೂಡ್ರೈವರುಗಳೂ ಸೋಪು ಕಂಡಿದ್ದವು. ಅತ್ತೆ ಎದ್ದು, ಕನ್ನಡಕ ಹಾಕದೆ, ದೀಪ ಹಾಕದೆ, ಬೆಳಗಿನ ಪಾತ್ರೆಗೆ ಕೈ ಹಾಕಿದರು. ಅವರ ಕೈಗೆ ಕಣ್ಣಿನ ಸಹಾಯ ಬೇಕಿರಲಿಲ್ಲ. ಕರಿ ಹಿಡಿದ ಪಾತ್ರೆಯೆಂದು ಬೆರಳಿಗೆ ತಿಳಿದದ್ದೇ ತಡ, ಪೌಡರು ಹಾಕಿ, ತೋಳು ಏರಿಸಿ, ತಳ ಮುಟ್ಟ ಉಜ್ಜಿದರು. ಇದೇನು ಇಷ್ಟು ಒರಟು ಎಂದುಕೊಂಡು ಎರಡನೆಯದನ್ನು ಎತ್ತಿಕೊಳ್ಳುವಾಗ ನೀರು ಕುಡಿಯಲು ಬಂದ ಕಡ್ಡಿ ಕಿಟಾರನೆ ಕಿರುಚಿಕೊಂಡಳು.

ಮಧ್ಯಾಹ್ನ ಸೊಸೆ ಬಂದಾಗ ಒಲೆ ಹತ್ತಿರಲಿಲ್ಲ. ಅತ್ತೆ ಮುಂದಿನ ಕೋಣೆಯಲ್ಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮೇಜಿನ ಮೇಲೆ ಮಡಕೆ. ಎಂಥ ಚಂದದ ಕೆಂಪು ಅದಕ್ಕಿತ್ತು ಎಂದು ಈಗ ಕಾಣುತ್ತಿತ್ತು.

"ಅದನ್ನ ಅಲ್ಲಿ ಯಾಕೆ ಇಟ್ಟೆ?" ಅತ್ತೆಯ ದನಿ ಸಣ್ಣಗಿತ್ತು.

"ಆತುರದಲ್ಲಿದ್ದೆ ಅತ್ತೆ."

"ಬೇರೆ ಎಲ್ಲಿಟ್ಟಿದ್ರೂ ನಾನು ಮುಟ್ತಿರಲಿಲ್ಲ."

ಮಗಳ ಫೋನಿಗೆ ಕೆಲಸ ಬಿಟ್ಟು ಬಂದಿದ್ದ ಗಂಡ ಸೊಸೆಯನ್ನು ಪಕ್ಕಕ್ಕೆ ಕರೆದ. "ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡು. ಒಂದು ಮಡಕೆ ಇಟ್ಕೊಂಡು ಅವರು ಏನೂ ಸಾಬೀತು ಮಾಡೋಕಾಗಲ್ಲ. ನಿನ್ನ ಅಡುಗೆಮನೆ ಆದ ಹಾಗೇ."

ಸೊಸೆ ಅವನ ಮುಖ ನೋಡಿದಳು. ಚೀಲ ಕೆಳಗಿಟ್ಟು, ಯೂನಿಫಾರಮ್ಮಿನಲ್ಲೇ ಸಿಂಕಿನ ಕೆಳಗೆ ಅಂಗಾತ ಮಲಗಿದಳು.

"ಸ್ಪ್ಯಾನರ್ ಕೊಡಿ."

"ಏನ್ಮಾಡ್ತಿದೀಯ?"

"ಉಜ್ಜಿದ್ದು ಎಲ್ಲಿಗೆ ಹೋಗುತ್ತೆ? ಪೈಪಿನ ಬಾಗಿನಲ್ಲಿ ನಿಂತಿರುತ್ತೆ. ಅತ್ತೆ, ಆಮೇಲೆ ನೀರು ಬಿಟ್ರಾ?"

"ಒಂದು ತೊಟ್ಟೂ ಬಿಟ್ಟಿಲ್ಲ."

ಗಂಡ ಸ್ಪ್ಯಾನರ್ ಕೊಟ್ಟ. ಆಮೇಲೆ ತಾನೂ ಕೆಳಗೆ ತೂರಿಕೊಂಡ. ಅತ್ತೆ ಬೋಗುಣಿ ಹಿಡಿದರು. ಕಡ್ಡಿ ಟಾರ್ಚು ಹಿಡಿದಳು. ಪೈಪಿನ ಬಾಗು ಬಿಚ್ಚಿದಾಗ ಕಪ್ಪು ಕೆಸರು ಬೋಗುಣಿಗೆ ಗೊಳಕ್ಕೆಂದು ಬಿತ್ತು. ನಾಲ್ವರೂ ಅದರ ಸುತ್ತ ತಲೆ ಸೇರಿಸಿ ನೋಡುತ್ತಿರುವಾಗ ಟೋಪಿ ಮೇಡಂ ಬಂದಳು.

ಅವಳು ಮಡಕೆಯನ್ನು ಎತ್ತಿ ಒಳಗೆ ನೋಡಿದಳು. ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಮಳೆಗೆ ಬೆನ್ನು ಕೊಟ್ಟು ಕೂತಳು. ಬಹಳ ಹೊತ್ತಿನ ಮೇಲೆ ಎದ್ದು ಬಂದು ಬೋಗುಣಿಯನ್ನು ಮೂಸಿದಳು.

"ಇದರಲ್ಲಿ ನಿಮ್ಮ ನಿನ್ನೆ ಊಟವೂ ಇದೆ, ಮೊನ್ನೆ ಊಟವೂ ಇದೆ. ಇದನ್ನ ಕಳಿಸಿದ್ರೆ ಆ ಕಾಲದವರು ಪಾತ್ರೆ ತೊಳೆಯೋ ಪೌಡರ್ ತಿಂತಿದ್ರು ಅಂತ ವರದಿ ಬರುತ್ತೆ."

ಕಡ್ಡಿ ನಕ್ಕಳು. ಗಂಡನೂ ನಕ್ಕ. ಅತ್ತೆ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದೇ ನಿಂತಿದ್ದರು.

ಮುಂದಿನ ವಾರ ಮೇಲಿನವರ ತೀರ್ಮಾನ ಬಂತು. ಎರಡು ಒಲೆ ಒಂದೇ ಕಾಲದವು ಎನ್ನಲು ಆಧಾರವಿಲ್ಲ, ಗುಂಡಿ ಮುಚ್ಚಬಹುದು. ಮರಳಿನ ಲಾರಿ ಬರುವ ದಿನವನ್ನೂ ಹೇಳಿದ ಮೇಲೆ ಟೋಪಿ ಮೇಡಂ ಹೋಗದೆ ನಿಂತೇ ಇದ್ದಳು.

"ಇನ್ನೊಂದು ದಾರಿ ಇದೆ. ಕೇಳೋಕೆ ಸಂಕೋಚ ಆಗುತ್ತೆ."

"ಕೇಳಿ," ಎಂದರು ಅತ್ತೆ.

"ಆ ಹಳೇ ಕೋಣೆ ನಿಮ್ಮ ಗೋಡೆ ದಾಟಿ ಒಳಗೆ ಬಂದಿದೆ. ತೊಳೆದ ಮಡಕೆ ಸಿಕ್ಕಿದ್ದು ಈ ಕಡೆಯ ಒಲೇಲಿ. ಅದರ ಉಳಿದರ್ಧ ನಿಮ್ಮ ಅಡುಗೆಮನೆ ನೆಲದ ಕೆಳಗಿದೆ. ಅಲ್ಲಿ ಇನ್ನೊಂದು ಮಡಕೆ ಇದ್ರೂ ಇರಬಹುದು. ನೆಲ ಒಡೆಯಬೇಕಾಗುತ್ತೆ. ಆಮೇಲೆ ಹೊಸ ನೆಲ ನಾವೇ ಹಾಕಿಸಿಕೊಡ್ತೀವಿ."

"ಮಡಕೆ ಸಿಕ್ಕಿ, ಎರಡೂ ಒಂದೇ ಕಾಲದ್ದು ಅಂತಾದ್ರೆ?" ಸೊಸೆ ಕೇಳಿದಳು.

"ಆಗ ಹಿತ್ತಿಲಲ್ಲಿ ಕಟ್ಟೋ ಹಾಗಿಲ್ಲ."

"ಬೇಡ ಮೇಡಂ," ಎಂದ ಗಂಡ. "ಮರಳು ತರಿಸಿ. ಈ ಮನೇಲಿ ಇನ್ನೇನೂ ಅಗೆಯೋದು ಬೇಡ."

ಸೊಸೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಪಾಳಿಗೆ ಹೋದಳು. ಅವತ್ತು ಬಸ್ಸು ಹತ್ತಿದವರು ಒಬ್ಬರ ನಂತರ ಒಬ್ಬರು ಕೇಳಿದರು. "ಡ್ರೈವರಮ್ಮ, ಎರಡು ಒಲೆ ಯಾಕಂತೆ?" ಗೊತ್ತಿಲ್ಲ ಎಂದಳು. ಮುಂದಿನ ಸ್ಟಾಪಿನಲ್ಲಿ ಮತ್ತೆ ಗೊತ್ತಿಲ್ಲ ಎಂದಳು. ತನ್ನದೇ ಕಿಟಕಿ, ತನ್ನದೇ ಸಿಂಕು, ಎಷ್ಟು ಹೊತ್ತಿಗೆ ಬೇಕಾದರೂ ಬಿಸಿ ಅನ್ನ. ಅದರ ನೆಲದ ಕೆಳಗೆ, ಮರಳಿನಲ್ಲಿ, ಈ ಪ್ರಶ್ನೆ. ನಿವೃತ್ತಿಯಾಗುವವರೆಗೂ ಜನ ಕೇಳುತ್ತಾರೆ, ತಾನು ಗೊತ್ತಿಲ್ಲ ಎನ್ನುತ್ತಿರಬೇಕು. ಪೇಟೆಯ ತಿರುವಿನಲ್ಲಿ ಅವಳು ಯಾರಿಗೂ ಬೇಡವಾದ ಒಂದು ಹಾರ್ನು ಹೊಡೆದಳು.

ಮನೆಗೆ ಬಂದರೆ ಒಲೆಯ ಮೇಲೆ ಬಟ್ಟೆ ಹಾಸಿತ್ತು. ಅತ್ತೆ ಮಾತ್ರ ಮಲಗದೆ ಅಲ್ಲೇ ನಿಂತು ನೆಲ ನೋಡುತ್ತಿದ್ದರು.

"ಅತ್ತೆ, ಒಡೆಸ್ತೀರಾ?"

"ಒಡೆಸಿದ್ರೆ ನಿನ್ನ ಅಡುಗೆಮನೆ ಹೋಗಬಹುದು."

"ನಿಮ್ಮದೂ ಹೋಗುತ್ತೆ."

"ನಂದು ಹೋಗಿ ವಾಪಸ್ ಬರುತ್ತೆ. ನಿಂದು ಹೋದ್ರೆ ಹೋಯ್ತು. ಸರಿಯಾಗಿ ಯೋಚನೆ ಮಾಡು. ನಾಳೆ ಮತ್ತೆ ನಾನೇ ಮೋಸ ಮಾಡಿದೆ ಅನ್ನಬಾರದು."

"ಅನ್ನಲ್ಲ. ನಿಮಗೆ ಗೊತ್ತಾಗೋದು ಬೇಡ್ವಾ?"

"ಬೇಡ ಅಂತ ಯಾರು ಹೇಳಿದ್ರು? ಆ ಮಡಕೆ ಉಜ್ಜಿದಾಗಿಂದ ಊಟ ಸೇರ್ತಿಲ್ಲ ನನಗೆ. ಏನು ಬೇಯಿಸಿದ್ದಳೋ ಮಹಾತಾಯಿ, ಅಷ್ಟನ್ನೂ ಸಿಂಕಿಗೆ ಬಿಟ್ಟುಬಿಟ್ಟೆ."

ಬೆಳಗ್ಗೆ ಇಬ್ಬರೂ ಸೇರಿ ಅಡುಗೆಮನೆಯನ್ನು ಮುಂದಿನ ಕೋಣೆಗೆ ಸಾಗಿಸಿದರು. ಡಬ್ಬಗಳು ಸೋಫಾದ ಮೇಲೆ, ತಟ್ಟೆಗಳು ಕಡ್ಡಿಯ ಪುಸ್ತಕದ ಕಪಾಟಿನಲ್ಲಿ. ದೊಡ್ಡ ಒಲೆ ಆ ಕೋಣೆಯ ಬಾಗಿಲಲ್ಲಿ ಹಿಡಿಸದೆ ಹಿತ್ತಿಲ ಬಾಗಿಲಿಂದ ಡೇರೆಗೆ ಹೋಯಿತು. ಗಂಡ ಎಲ್ಲಿಂದಲೋ ಒಂಟಿ ಉರಿಯ ಸಣ್ಣ ಒಲೆ ತಂದು ಕಿಟಕಿಯ ಕೆಳಗೆ ಇಟ್ಟ. ಒಳಗೆ ಅತ್ತೆಯ ನೆಲದ ಮೇಲೆ ಮೊದಲ ಏಟು ಬಿತ್ತು. ಅವರು ಕಣ್ಣು ಮುಚ್ಚಿದರು, ಆಮೇಲೆ ಒಂದೇ ಕಣ್ಣು ತೆರೆದರು.

ಎಲ್ಲರೂ ಕೂರುವ, ಓದುವ, ಮಲಗುವ ಕೋಣೆಗೆ ಬಾಗಿಲು ಹಾಕುವುದು ಹೇಗೆ? ಮೊದಲೆರಡು ಸಂಜೆ ಅತ್ತೆ ಬಟ್ಟೆ ಹಾಸಿ ನೋಡಿದರು. ಅಗೆಯುವವರು ಚಹಾ ಕೇಳಿದರು, ಕಡ್ಡಿ ಮೊಟ್ಟೆ ಕೇಳಿದಳು. ಆ ಬಟ್ಟೆ ಬಿಸಿ ಪಾತ್ರೆ ಇಳಿಸುವ ಬಟ್ಟೆಯಾಯಿತು. ಮಧ್ಯಾಹ್ನದ ಪಾಳಿಯ ವಾರ ಸೊಸೆ ಬಂದು ಒಲೆ ಹಚ್ಚಿದರೆ ಅತ್ತೆ ಹಾಸಿಗೆಯಿಂದಲೇ, "ಉರಿ ಸಣ್ಣ ಮಾಡು, ಸೀದುಹೋಗುತ್ತೆ," ಎನ್ನುತ್ತಿದ್ದರು.

ಮಡಕೆ ಸಿಕ್ಕಿತು. ಅಡುಗೆಮನೆಯಲ್ಲಿ ಅತ್ತೆ ಇಷ್ಟು ವರ್ಷ ನಿಂತು ಪಾತ್ರೆ ತೊಳೆದ ಜಾಗದ ನೇರ ಕೆಳಗೆ, ಬಾಯಿ ಒಡೆದು, ಒಳಗೆಲ್ಲ ಕರಿಕಟ್ಟಿ. ಟೋಪಿ ಮೇಡಂ ಅದನ್ನು ಯಾರ ಕೈಗೂ ಕೊಡದೆ ತಾನೇ ಎದೆಗವಚಿಕೊಂಡು ಗಾಡಿ ಹತ್ತಿದಳು. ಅತ್ತೆ ಮುಟ್ಟಲು ಹೋಗಲಿಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು, ಅಷ್ಟೆ.

ವರದಿ ಬರುವಷ್ಟರಲ್ಲಿ ಹೊಸ ನೆಲ ಒಣಗಿ, ದೊಡ್ಡ ಒಲೆ ತನ್ನ ಜಾಗಕ್ಕೆ ಮರಳಿತ್ತು. ಭಾನುವಾರ ಬೆಳಗ್ಗೆ ಟೋಪಿ ಮೇಡಂ ಬಂದಾಗ ಮನೆಯವರೆಲ್ಲ ಇದ್ದರು. ಅವಳು ಕೂರುವ ಮೊದಲೇ ಹೇಳಿದಳು.

"ಒಂದೇ ಕಾಲ. ಎರಡೂ ಒಲೆ ಒಟ್ಟಿಗೇ ಉರೀತಿದ್ವು."

ಕಡ್ಡಿ ಚಪ್ಪಾಳೆ ತಟ್ಟಿ, ಅಮ್ಮನ ಮುಖ ನೋಡಿ ನಿಲ್ಲಿಸಿದಳು. ಸೊಸೆ ಕಿಟಕಿಯಾಚೆ ನೋಡಿದಳು. ಹಿತ್ತಿಲು ಇನ್ನು ಅವರದು, ಆ ಹಳಬರದು. ಗಟ್ಟಿಯಾದ ಸಿಮೆಂಟ್ ಚೀಲಗಳು ಗೋಡೆಗೆ ಒರಗಿ ಕಲ್ಲಾಗಿ ಕೂತಿದ್ದವು.

"ಈಗೇನು ಮಾಡ್ತೀಯ?" ಗಂಡ ಮೆಲ್ಲಗೆ ಕೇಳಿದ. "ಡಿಪೋ ಹತ್ರ ಮನೆ ನೋಡೋಣವಾ? ನಾನೂ ಬರ್ತೀನಿ."

ಇಷ್ಟು ದಿನ ಅವಳು ಕಾದಿದ್ದ ಮಾತು. ಅವಳು ಅದನ್ನು ಒಂದು ಗಳಿಗೆ ಹಾಗೇ ಇಟ್ಟುಕೊಂಡಳು. "ಆ ಸಣ್ಣ ಒಲೆ ಈ ಕಿಟಕಿ ಕೆಳಗೇ ಇರ್ಲಿ. ಅದು ನಂದು."

"ಕೂರೋ ಕೋಣೇಲಿ ಒಲೆನಾ? ಬಂದವರು ಏನಂತಾರೆ?" ಎಂದರು ಅತ್ತೆ.

"ಏನು ಅಡುಗೆ ಅಂತಾರೆ."

"ಹೊಗೆ?"

"ಕಿಟಕಿ ಇದೆ."

"ಅಲ್ಲಿ ನೆನೆಹಾಕಿಟ್ಟಿದ್ದನ್ನ ನಾನು ತೊಳೆಯಲ್ಲ."

"ಮುಟ್ಟಲೂಬೇಡಿ."

"ನೋಡಬಹುದೋ, ಅದಕ್ಕೂ ನಿನ್ನ ಅಪ್ಪಣೆ ಬೇಕೋ?"

"ನೋಡಿ. ಮಾತಾಡಬೇಡಿ."

ಟೋಪಿ ಮೇಡಂ ಗಂಟಲು ಸರಿಪಡಿಸಿಕೊಂಡಳು. "ಇನ್ನೊಂದು ವಿಷಯ ಇದೆ. ನಮಗ್ಯಾರಿಗೂ ತಲೆಬುಡ ತಿಳೀತಿಲ್ಲ. ಏನು ಬೇಯಿಸಿದ್ರು ಅಂತಲೂ ವರದಿ ಬಂದಿದೆ. ಒಂದರಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಇರುತ್ತೆ ಅಂದ್ಕೊಂಡಿದ್ವಿ. ಎರಡರಲ್ಲೂ ಒಂದೇ. ಅದೇ ಕಾಳು, ಅದೇ ಸೊಪ್ಪು, ಅದೇ ಕೊಬ್ಬು. ಒಂದೇ ಕೋಣೆ, ನಾಲ್ಕು ಹೆಜ್ಜೆ ಅಂತರ, ಒಂದೇ ಅಡುಗೆ. ಎರಡು ಒಲೆ ಯಾಕೆ ಹಚ್ಚಿದ್ರು?"

ಸೊಸೆ ಅತ್ತೆಯನ್ನು ನೋಡಿದಳು. ಅತ್ತೆ ಸೊಸೆಯನ್ನು ನೋಡಿದರು. ಮೊದಲು ಅತ್ತೆಯ ಭುಜ ಅಲುಗಿತು, ಆಮೇಲೆ ಸೊಸೆಗೆ ತಡೆಯಲಾಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಗಂಡ ಗಾಬರಿಯಿಂದ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದ.

"ಮೇಡಂ, ನಿಮ್ಮನೇಲಿ ಎಷ್ಟು ಜನ?" ಸೊಸೆ ಕಣ್ಣೊರೆಸಿಕೊಂಡು ಕೇಳಿದಳು.

"ನಾನೊಬ್ಬಳೇ. ಯಾಕೆ?"

"ಹಾಗಾದ್ರೆ ಕೂತ್ಕೊಳ್ಳಿ, ಹೇಳ್ತೀವಿ," ಅತ್ತೆ ಕುರ್ಚಿ ಎಳೆದರು.

"ನಾನು ಶುರು ಮಾಡ್ತೀನಿ," ಎಂದಳು ಸೊಸೆ.

"ನೀನ್ಯಾಕೆ? ಮನೆಗೆ ಮೊದಲು ಬಂದವಳು ನಾನು."

"ನೀವು ಶುರು ಮಾಡಿದ್ರೆ ಎಲ್ಲಾ ನನ್ನ ಮೇಲೇ ಬರುತ್ತೆ."

"ಇನ್ಯಾರ ಮೇಲೆ ಬರಬೇಕು? ಮೇಡಂ, ಇವಳ ಮಾತು ಆಮೇಲೆ ಕೇಳಿ. ಈ ಕಾಳು ಇದೆಯಲ್ಲ, ಇದಕ್ಕೆ ಉಪ್ಪನ್ನ ಯಾವಾಗ ಹಾಕಬೇಕು, ಮೊದಲು ಅದನ್ನ ಹೇಳ್ತೀನಿ."